ಯಾರು ಒಂದು, ಯಾರು ಅರೆ

ನಲವತ್ತಮೂರು ಗಂಟೆಯ ಚಿತ್ರ ನನ್ನ ಮೇಜಿನ ಮೇಲಿದೆ.
ನಿರ್ದೇಶಕರಿಗೆ ಬೇಕಿರುವುದು ಎಪ್ಪತ್ತೆಂಟು ನಿಮಿಷ,
ಅದರಲ್ಲೊಂದು ಜಗಳ.
'ಮೂವತ್ತೊಂದು ವರ್ಷ ಜೊತೆಗಿದ್ದೋರು,
ಎಲ್ಲೋ ಒಂದ್ಕಡೆ ಕಿತ್ತಾಡಿರ್ತಾರೆ, ಹುಡುಕಮ್ಮ.'

ಹುಡುಕುತ್ತಿದ್ದೇನೆ.
ಫ್ರೇಜರ್ ಟೌನಿನ ಈ ಕೋಣೆಯಲ್ಲಿ, ರಾತ್ರಿ ಎರಡಕ್ಕೆ,
ಕೆಳಗಿನ ಕಬಾಬಿನ ಒಲೆ ಆರಿದ ಮೇಲೆ.

ಲಿಂಗರಾಜಪುರ. ಹಿಟ್ಟಿನ ಗಿರಣಿಯ ಮೇಲೆ ತಗಡಿನ ರೂಮು.
ಇನಾಸ್ ಗಿಟಾರು ಹಿಡಿದಿದ್ದಾನೆ. ಮುನಿಯಲ್ಲಪ್ಪ
ಹಾರ್ಮೋನಿಯಮ್ಮಿಗೆ ಹಳೇ ಟ್ರಾನ್ಸಿಸ್ಟರಿನ ಸ್ಪೀಕರು ಕಟ್ಟಿ
ಅದರ ಕತ್ತು ಹಿಸುಕುತ್ತಿದ್ದಾನೆ.
ತಾಳಕ್ಕೆ ಕೆಳಗಿನ ಬೆಲ್ಟು.
ರಾಗಿಗೊಂದು ಲಯ, ಗೋಧಿಗೊಂದು;
ಮೆಣಸಿನಕಾಯಿ ಬಿತ್ತೆಂದರೆ ಇಬ್ಬರೂ ಸೀನಿ
ಹಾಡು ಅಲ್ಲಿಗೇ ಮುಗಿಯುತ್ತಿತ್ತು.
ಮೊದಲ ಕ್ಯಾಸೆಟ್ಟಿನಲ್ಲಿ ಆ ಸೀನು ಹಾಗೇ ಇದೆ,
ಸಾಹಿತ್ಯದ ಹಾಳೆಯಲ್ಲೂ ಅಚ್ಚಾಗಿದೆ.

ಬ್ಯಾಂಡಿನ ಹೆಸರು ಒಂದೂವರೆ.
ಹತ್ತು ಗಂಟೆಯಾದ ಮೇಲೆ ಆಟೋದವರು ಕೇಳುವ ಒಂದೂವರೆ.
ಆಂಪ್ಲಿಫೈಯರು ಸೀಟಿನಲ್ಲಿ, ಇವರು ಅಂಚಿನಲ್ಲಿ,
ಊರೆಲ್ಲ ಸುತ್ತಿದ್ದೇ ಹಾಗೆ.
ಅವರ ಕೇಳುಗರೆಲ್ಲ ಸೇರಿದರೆ ಒಂದು ಬಸ್ಸು ತುಂಬಬಹುದು,
ನಿಂತವರನ್ನೂ ಎಣಿಸಿ.

'ನಿಮ್ಮಲ್ಲಿ ಯಾರು ಒಂದು, ಯಾರು ಅರೆ?'
ನಾವೇ ಹನ್ನೊಂದು ಸಲ ಕೇಳಿದೆವು.
ಇನಾಸ್: 'ಬದಲಾಯಿಸ್ಕೋತೀವಿ, ಗ್ಯಾಸ್ ಸಿಲಿಂಡರ್ ಹೊರೋ ಥರ.'
ಮುನಿಯಲ್ಲಪ್ಪ: 'ಚಿಲ್ರೆ ಇಲ್ಲ, ಮುಂದೆ ಹೋಗಿ.'

ಕೊನೆಗೂ ಜಗಳ ಸಿಕ್ಕಿತು. ಒಂದು ಪದದ ಜಗಳ.
ಮುಚ್ಚಿಹೋದ ಕೆರೆಯ ಮೇಲೆ ಹಾಡು ಕಟ್ಟುತ್ತಿದ್ದಾರೆ.
ಇಲ್ಲಿ ಕೆರೆ ಇತ್ತು, ಅನ್ನಬೇಕು ಇನಾಸನಿಗೆ.
ಇತ್ತಂತೆ, ಅನ್ನುತ್ತಾನೆ ಮುನಿಯಲ್ಲಪ್ಪ.
'ಅಂತೆ ಏನೋ? ನಾವೇ ಈಜಿಲ್ವಾ ಅದ್ರಲ್ಲಿ?'
'ಈಜಿದ್ದು ನಾವು. ಕೇಳೋರಿಗೆ ಅದು ಪಾರ್ಕಿಂಗು.'
ನಾಲ್ಕು ಗಂಟೆ ವಾದ. ಟೀ ಬಂತು, ಕೆನೆ ಕಟ್ಟಿತು.
ಒಂದು ಅಂತೆಗಾಗಿ ಆರು ದಿನ ಮಾತಿಲ್ಲ.
ಏಳನೆಯ ದಿನ ಒಬ್ಬ ಇತ್ತು ಅಂದ, ಇನ್ನೊಬ್ಬ ಇತ್ತಂತೆ,
ಒಟ್ಟಿಗೇ, ಒಂದೇ ಮೈಕಿಗೆ.
ಇತ್ತು ಮುಗಿದ ಮೇಲೂ
ಅಂತೆ ಮಾತ್ರ ಒಂಟಿಯಾಗಿ ತೇಲುತ್ತ ಉಳಿಯಿತು,
ಮಾಲೀಕರಿಲ್ಲದ ಚಪ್ಪಲಿಯ ಹಾಗೆ.

'ಇದೂ ಒಂದು ಜಗಳವೇನಮ್ಮ' ಅಂದರು ನಿರ್ದೇಶಕರು.

ಮತ್ತೆ ಮೊದಲಿಂದ ನೋಡಿದೆ.
ಈ ಸಲ ಜಗಳ ಹುಡುಕಲಿಲ್ಲ, ಅದಕ್ಕೇ ಕಂಡಿತೇನೋ:
ಹಳೇ ಫೋಟೋಗಳಲ್ಲಿ ಇನಾಸ್, ಮುನಿಯಲ್ಲಪ್ಪನ ಬಲಕ್ಕೆ.
ಗಿರಣಿ ಮುಚ್ಚಿದ ವರ್ಷದಿಂದೀಚೆಗೆ
ಎಲ್ಲ ವೇದಿಕೆ, ಎಲ್ಲ ಬೆಂಚು, ಎಲ್ಲ ಹೋಟೆಲಿನ ಟೇಬಲ್ಲಿನಲ್ಲೂ
ಎಡಕ್ಕೆ.
ಬಲಗಡೆಯಿಂದ ನಾವು ಕೇಳಿದ ಪ್ರಶ್ನೆಗಳಿಗೆಲ್ಲ
ಮುನಿಯಲ್ಲಪ್ಪ ನಕ್ಕಿದ್ದಾನೆ, ಉತ್ತರಿಸಿದವನು ಇನಾಸ್.
ಕ್ಯಾಮೆರಾದವರು ಅದನ್ನು ತುಂಟತನ ಅಂದುಕೊಂಡರು.
ನಾನೂ.

ನಲವತ್ತಮೂರು ಗಂಟೆಯಲ್ಲಿ ಆ ಕಿವಿಯ ಬಗ್ಗೆ
ಇಬ್ಬರೂ ಒಂದು ಮಾತಾಡಿಲ್ಲ.

ಒಂದು ತುಣುಕು ಉಳಿಸಿದೆ, ನಾಲ್ಕು ಸೆಕೆಂಡು.
ವೀಲರ್ ರಸ್ತೆ, ಸಂಜೆ, ಹಾರ್ನುಗಳ ಸಂತೆ.
ಇಬ್ಬರೂ ರಸ್ತೆ ದಾಟಲು ನಿಂತಿದ್ದಾರೆ.
ಇನಾಸ್ ಏನೋ ಹೇಳಲು ಬಾಯಿ ತೆರೆದು,
ಮುಚ್ಚಿ,
ಗೆಳೆಯನ ಬೆನ್ನ ಹಿಂದಿನಿಂದ ಸುತ್ತಿಕೊಂಡು
ಆ ಕಡೆಗೆ ಹೋಗಿ
ಆಮೇಲೆ ಹೇಳುತ್ತಾನೆ. ಏನೆಂದು ನಮ್ಮ ಮೈಕಿಗೆ ಸಿಕ್ಕಿಲ್ಲ.

'ಈ ಶಾಟ್ ಯಾಕಮ್ಮ? ಏನೂ ಆಗ್ತಾ ಇಲ್ವಲ್ಲ.'

'ಇರ್ಲಿ ಸಾರ್,' ಅಂದೆ.
'ಟ್ರಾಫಿಕ್ಕು ಚೆನ್ನಾಗಿ ಬಂದಿದೆ.'